ಅಪ್ಪನ ಊರಿನ ಅಗಸಿ

ಅಪ್ಪನ ಊರಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಬೆಳಗಾವಿಯಿಂದಾಚೆ ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಕೂಡುವ ಕಡೆ ಘಟ್ಟದ ನೆತ್ತಿಯ ಮೇಲಿನ ಊರು. ಸುತ್ತ ಕರಿಕಲ್ಲಿನ ಗೋಡೆ, ಒಂದೇ ಒಂದು ಅಗಸಿ. ಊರಬಾಗಿಲಿಗೆ ನಮ್ಮ ಕಡೆ ಅಗಸಿ ಅನ್ನುತ್ತಾರೆ. ಕದಂಬರ ಕಾಲದ್ದಂತೆ. ಅದರ ಮುಂದೆ ಸಾಲಾಗಿ ವೀರಗಲ್ಲುಗಳು, ಗಡಿ ಕಾದು ಸತ್ತವರವು. ದಂಡಿನ ಆನೆ ನೇರ ನುಗ್ಗಬಾರದೆಂದು ದಾರಿ ಬಾಗಿಲು ದಾಟಿದ್ದೇ ಥಟ್ಟನೆ ಎಡಕ್ಕೆ ತಿರುಗುತ್ತದಂತೆ. ಎಲ್ಲ ಅಪ್ಪನ ಬಾಯಿಂದ ಕೇಳಿದ್ದು. ಮುಂಬೈಯ ಕುರ್ಲಾದ ಚಾಳಿನ ಒಂದೇ ಖೋಲಿಯ ಮನೆಯಲ್ಲಿ ಬೆಳೆದ ನನಗೆ ಅಷ್ಟು ದೊಡ್ಡ ಬಾಗಿಲು ನಮ್ಮದು ಅನ್ನುವುದೇ ಒಂದು ಸೊಕ್ಕು. ನಾನು ಮಾತ್ರ ಆ ಊರು ನೋಡಿರಲಿಲ್ಲ. ಹದಿನೆಂಟಕ್ಕೆ ಮುಂಬೈಗೆ ಬಂದ ಅಪ್ಪನೂ ತಿರುಗಿ ಹೋಗಿರಲಿಲ್ಲ.

ಪರೇಲಿನ ನಮ್ಮ ಆಫೀಸಿನಲ್ಲಿ ಯಾರೋ ಯುರೋಪಿನ ಬೆಟ್ಟದ ಹಳೇ ಹಳ್ಳಿಗಳ ಫೋಟೋ ತೋರಿಸಿದರು. ನಾನು ಸುಮ್ಮನಿರಲಾರದೆ, ಇದೇನು ಮಹಾ, ನಮ್ಮೂರು ನೋಡಬೇಕು ನೀವು ಅಂದೆ. "ಫಿರ್ ಲೇ ಚಲೋ ನಾ!", ಹಾಗಾದರೆ ಕರೆದುಕೊಂಡು ಹೋಗು, ಅಂದರು. ದೀಪಾವಳಿ ರಜೆಗೆ ಐದು ಜನ ಹೋಗುವುದು, ಅಪ್ಪ ಊರು ತೋರಿಸುವುದು ಅಂತಾಯಿತು.

ಅಪ್ಪನನ್ನು ಕೇಳಿದರೆ ಮೊಣಕಾಲು ನೋವು ಅಂದ. ಮರುವಾರ ಸೊಂಟ. ಮತ್ತೂ ಪೀಡಿಸಿದ್ದಕ್ಕೆ, "ದೂರದ ಬೆಟ್ಟ ನುಣ್ಣಗ. ಅಲ್ಲೇನೈತಿ, ಬಿಡು" ಅಂದ. ನನಗೆ ರೇಗಿತು. ವಿಕ್ರೋಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ದುಡಿದವನಿಗೆ ಈಗ ಕಾಲುನೋವೇ? ಒಮ್ಮೆಯಾದರೂ ಅವನನ್ನು ಅವನ ಊರಿಗೆ ಕರೆದೊಯ್ಯಲೇಬೇಕೆಂಬ ಹಟ ಬಂತು.

ಅಷ್ಟರಲ್ಲಿ ಟ್ರೆಕಿಂಗ್ ಹುಚ್ಚಿನ ಮರಾಠಿ ಸಹೋದ್ಯೋಗಿಯೊಬ್ಬ ತಾನೇ ಮೊದಲು ಹೋಗಿಬಂದು, ಊರೊಳಗೆ ನಡೆಯುತ್ತ ತೆಗೆದ ವಿಡಿಯೋ ಕಳಿಸಿದ. ಇದನ್ನು ನೋಡಿದರೆ ಮುದುಕ ಕರಗುತ್ತಾನೆ, ತಾನೇ ಚೀಲ ಕಟ್ಟುತ್ತಾನೆ ಅಂದುಕೊಂಡು ಸಂಜೆಯ ಲೋಕಲ್ ಹಿಡಿದು ಬಂದವಳೇ, ಚಪ್ಪಲಿ ಬಿಡುವ ಮೊದಲೇ ಮೊಬೈಲ್ ಅವನ ಕೈಗಿಟ್ಟೆ.

ಅಗಸಿ ಕಂಡಿತು. ವೀರಗಲ್ಲುಗಳು ಕಂಡವು. ಅಪ್ಪನ ಮುಖ ಅರಳಿತು. "ಹಾಂ, ಇಲ್ಲೇ ನಮ್ಮ ಗುಡಸಲಾ" ಅಂತ ಗೋಡೆಯ ಹೊರಗಿನ ಇಳಿಜಾರು ತೋರಿಸಿದ. ವಿಡಿಯೋ ಬಾಗಿಲು ಹೊಕ್ಕು, ಎಡಕ್ಕೆ ತಿರುಗಿ, ಒಂದು ಮೆಟ್ಟಿಲ ಬಾವಿಯ ಮುಂದೆ ನಿಂತಿತು. ಅಪ್ಪ ಮೊಬೈಲನ್ನು ಕಣ್ಣಿಗೆ ತೀರಾ ಹತ್ತಿರ ತಂದ.

"ಒಳಗ ಹಿಂಗೈತೇನು?"

"ಹಿಂಗೈತೇನು ಅಂದ್ರ? ನಿನ್ನ ಊರು ಅಲ್ಲೇನಪಾ ಇದು?"

"ನಮಗ ಅಗಸಿ ಒಳಗ ಕಾಲಿಡಾಕ ಎಲ್ಲಿ ಬಿಡ್ತಿದ್ರು? ಸತ್ತ ದನಾ ಎಳಿಯವ್ರು ನಾವು." ಹೊರಗೆ ಮಳೆ ಬಂತು ಅನ್ನುವಷ್ಟು ಸಲೀಸಾಗಿ ಹೇಳಿದ.

ನಮ್ಮ ಜಾತಿ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಪ್ಪನ ಕತೆಗಳೆಲ್ಲ ಆ ಬಾಗಿಲ ತನಕ ಬಂದು ನಿಂತುಬಿಡುತ್ತಿದ್ದವೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲವಲ್ಲ! ಒಳಗಿನ ಒಂದು ಓಣಿ, ಒಂದು ಕಟ್ಟೆ, ಒಂದು ದೇವರು ಅವನ ಮಾತಿನಲ್ಲಿ ಬಂದಿರಲಿಲ್ಲ. ನಾನೋ, ಅವನನ್ನು ಹೊರಗಿಟ್ಟ ಗೋಡೆಯನ್ನೇ ಕಂಡಕಂಡವರ ಮುಂದೆ ಹೊಗಳುತ್ತ ತಿರುಗಿದ್ದೆ.

"ಬ್ಯಾಡಪಾ, ಬಂದ್ ಮಾಡ್ತೀನಿ" ಅಂತ ಕೈಚಾಚಿದೆ. ಅವನು ಕೊಡಲಿಲ್ಲ. "ಮದಲಿಂದ ಹಚ್ಚು" ಅಂದ. ಹಚ್ಚಿದೆ. ಬಾಗಿಲಿನಿಂದ ಬಾವಿಯವರೆಗೆ ನಡೆದವನ ಬೂಟಿನ ಸಪ್ಪಳವನ್ನು ಬೆರಳು ಮಡಚಿ ಎಣಿಸಿದ.

"ಹದಿನಾಕು ಹೆಜ್ಜಿ" ಅಂದ.

ಅಪ್ಪನ ಅವ್ವ, ನನ್ನ ಅಜ್ಜಿ, ದಿನಾ ಘಟ್ಟ ಇಳಿದು ಹಳ್ಳದ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಕೊಡದ ಸಮೇತ ಜಾರಿ ಬಿದ್ದವಳು ಏಳಲಿಲ್ಲ. ಅಪ್ಪ ಊರು ಬಿಟ್ಟದ್ದೇ ಅದಾದ ಮೇಲೆ.

"ಬಾವಿ ಊರ ನಡುವ, ಭಾಳ ದೂರ ಐತಿ ಅಂತ ತಿಳಕೊಂಡಿದ್ವಿ" ಅಂದ ಅಪ್ಪ, ಮೊಬೈಲಿನಿಂದ ಕಣ್ಣು ತೆಗೆಯದೆ. "ಗ್ವಾಡಿ ಹಿಂದ ಇತ್ತಂತ ನಮ್ಮವ್ವಗ ಗೊತ್ತಾಗದನ ಸತ್ಲು. ಚಲೋ ಆತು."