ನಾಲ್ಕರಿಂದ ಎಂಟರವರೆಗೆ

…ಅಥವಾ ಅದು ಆ ಎಣ್ಣೆಯ ವಾಸನೆಯೇ ಆಗಿರಲಿಲ್ಲವೋ ಏನೋ. ಮಣಿಪಾಲದಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಮೊನ್ನೆ ರಕ್ತಪರೀಕ್ಷೆಗೆ ಬಂದ ಹುಡುಗಿಯೊಬ್ಬಳ ಜಡೆಯಿಂದ, ದಾಸವಾಳದ ಎಲೆ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಬಂತು. ಸಿರಿಂಜು ಹಿಡಿದೇ ಇನ್ನೊಮ್ಮೆ ಮೂಸಿದೆ. ಹಿಂದೆ ಪಕ್ಕದ ಮನೆಯಲ್ಲಿದ್ದ ಅಕ್ಕ ತಮ್ಮ ಮಗಳ ತಲೆಗೆ ಹಚ್ಚುತ್ತಿದ್ದುದು ಇದನ್ನೇ ಎಂದುಕೊಂಡೆ.

ಸಂಜೆ ನಾಲ್ಕು ಗಂಟೆ. ಮೇಲಿನ ಮೆಟ್ಟಿಲಲ್ಲಿ ಅಕ್ಕ, ಕೆಳಗೆ ಅವರ ಮಗಳು, ಅದಕ್ಕೂ ಕೆಳಗೆ ನನ್ನ ಮಗಳು ತನ್ನ ಸರದಿಗೆ ಕಾಯುತ್ತ… ಮೀನಿನ ವಾಸನೆ ಹೋಗಲೆಂದು ಅಕ್ಕ ಹುಣಸೆಹುಳಿಯಲ್ಲಿ ಕೈ ತಿಕ್ಕಿ ತೊಳೆದು ಬಂದಿದ್ದಾರೆ. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ಅನುಮಾನ ಹುಟ್ಟಿಸುತ್ತದೆ. ನಾನು ಮನೆ ತಲುಪುತ್ತಿದ್ದುದೇ ಆರರ ಮೇಲೆ. ನಾಲ್ಕು ಗಂಟೆಯ ಬಿಸಿಲನ್ನು ಆ ಮೆಟ್ಟಿಲ ಮೇಲೆ ನಾನು ನೋಡಿದ್ದು ಯಾವಾಗ? ಮಗಳು ಹೇಳಿದ್ದನ್ನು ನಾನೇ ಕಂಡದ್ದೆಂದು ಇಟ್ಟುಕೊಂಡಿರಬೇಕು.

ಅನುಮಾನವಿಲ್ಲದ್ದು ಇಷ್ಟು. ನಮ್ಮ ಮನೆಗಳು ಮಲ್ಪೆಗೂ ಅಂಬಲಪಾಡಿಗೂ ನಡುವೆ, ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಅಕ್ಕ ನಸುಕಿಗೇ ಬಂದರಿನ ಮೀನು ಹರಾಜಿಗೆ ಹೋಗುತ್ತಿದ್ದರು. ಮೀನು ಮಾರಿ ಮುಗಿಸಿ, ಮಧ್ಯಾಹ್ನ ದಾಟಿದ ಮೇಲೆ ಮನೆಗೆ. ಗಂಡ ಆಳಸಮುದ್ರದ ಬೋಟಿನಲ್ಲಿ, ಹೋದರೆ ವಾರಗಟ್ಟಲೆ ಇಲ್ಲ. ಮಲಗಿದ ಮಗಳನ್ನು ಒಳಗೆ ಬಿಟ್ಟು ಅಕ್ಕ ಹೊರಗಿನಿಂದ ಬೀಗ ಹಾಕುತ್ತಿದ್ದರು. ಇನ್ನೊಂದು ಕೀ ನನ್ನ ಹತ್ತಿರ. ಬೆಳಗಾದ ಮೇಲೆ ನಾನು ಬಾಗಿಲು ತೆಗೆದು, ಇಬ್ಬರು ಹುಡುಗಿಯರಿಗೂ ದೋಸೆ ಹಾಕಿ, ಶಾಲೆಯ ಗೇಟಿನವರೆಗೆ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಸಂಜೆ ಇಬ್ಬರೂ ಅಕ್ಕನ ಮೆಟ್ಟಿಲಿಗೆ. ಹೀಗೆ ಮಾಡೋಣವೆಂದು ನಾವು ಯಾವತ್ತೂ ಕೂತು ಮಾತಾಡಿದ್ದಿಲ್ಲ. ಆಗಿಹೋಗಿತ್ತು.

ಶಾಲೆಯ ಹೊತ್ತನ್ನು ಉದ್ದ ಮಾಡುವ ಸಭೆ ಸೇರಿದ್ದು ಒಂದು ಶನಿವಾರ. ಊರಿನ ಮಕ್ಕಳನ್ನು ಇಂಗ್ಲಿಷ್ ಶಾಲೆಗಳ ವ್ಯಾನುಗಳು ಹೊತ್ತೊಯ್ಯುತ್ತಿದ್ದವು. ನಾಲ್ಕಕ್ಕೆ ಬಿಡುವ ನಮ್ಮ ಕನ್ನಡ ಶಾಲೆಯನ್ನು ಐದೂವರೆಯವರೆಗೆ ನಡೆಸಿ, ಕೊನೆಯ ಹೊತ್ತಿನಲ್ಲಿ ಇಂಗ್ಲಿಷ್, ಕಂಪ್ಯೂಟರ್ ಕಲಿಸಿದರೆ ಮಕ್ಕಳು ಉಳಿದಾರು, ಶಾಲೆಯೂ ಉಳಿದೀತು ಎಂಬುದು ಸಮಿತಿಯ ಯೋಜನೆ. ಅಧ್ಯಕ್ಷರು ದುಬೈಯಿಂದ ಮರಳಿದವರು. “ಕೆಲಸಕ್ಕೆ ಹೋಗುವ ತಾಯಂದಿರಿಗೂ ಅನುಕೂಲ” ಎಂದು ನನ್ನ ಕಡೆ ನೋಡಿದರು. ಸಂಜೆಗೆ ತಿಂಡಿಯೂ ಉಂಟು ಎಂದರು.

“ತಿಂಡಿ ಎಂತ?” ಹಿಂದಿನಿಂದ ಯಾರೋ.

“ಅವಲಕ್ಕಿ.”

“ಹಾಗಾದ್ರೆ ನನ್ನನ್ನೂ ಸೇರಿಸಿ ಮಾರಾಯ್ರೆ, ನಾನು ಏಳನೇ ಫೇಲು.”

ನಗು ಇಳಿಯುವ ಮೊದಲೇ ಅಕ್ಕ ಎದ್ದು ನಿಂತರು. “ಉದ್ದ ಮಾಡುವುದಾದರೆ ಬೆಳಿಗ್ಗೆ ಮಾಡಿ. ನಾನು ಹರಾಜಿಗೆ ಹೋಗುವಾಗ ಗೇಟು ತೆರೆದಿರಲಿ.”

“ಆ ಹೊತ್ತಿಗೆ ಶಾಲೆ ತೆರೆಯಲಿಕ್ಕೆ ನಮ್ಮ ಮೇಷ್ಟ್ರು ಹುಂಜ ಆಗಬೇಕಷ್ಟೆ!” ಎಂದರು ಅಧ್ಯಕ್ಷರು.

“ಆಗಲಿ ಬಿಡಿ, ಹುಂಜಕ್ಕೆ ಸಂಬಳವೂ ಬೇಡ, ಅಲ್ವಾ?” ಅಕ್ಕನೂ ನಕ್ಕರು. ಆಮೇಲೆ ನಗಲಿಲ್ಲ. “ನನಗೆ ಮಗಳು ಸಿಗುವುದೇ ನಾಲ್ಕರಿಂದ ಎಂಟರವರೆಗೆ. ಎಂಟಕ್ಕೆ ನಾನು ಮಲಗಬೇಕು. ಅದರಲ್ಲೂ ನೀವು ಪಾಲು ತೆಕ್ಕೊಂಡರೆ ನನಗೆ ಎಂತ ಉಂಟು?”

ಬೇಡದವರು ನಾಲ್ಕಕ್ಕೇ ಕರೆದುಕೊಂಡು ಹೋಗಬಹುದಲ್ಲ ಎಂದು ಒಬ್ಬರು ಕೇಳಿದರು. ಇಂಗ್ಲಿಷ್ ಇರುವುದೇ ಆ ಹೊತ್ತಿಗೆ, ಹೋದ ಮಗು ಹಿಂದೆ ಬೀಳುತ್ತದೆ ಎಂದರು ಹೆಡ್ ಟೀಚರ್. ಅವರು ಹೇಳಿದ್ದೂ ಸುಳ್ಳಲ್ಲ. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ನಾನು ಎತ್ತಿದೆ. ಇದು ಪಶ್ಚಾತ್ತಾಪದ ಬರಹವಲ್ಲ. ನನ್ನ ಮಗಳಿಗೆ ಇಂಗ್ಲಿಷ್ ಬೇಕಿತ್ತು. ನಾಳೆ ಮತ್ತೆ ಸಭೆ ಕರೆದರೆ ಮತ್ತೆ ಎತ್ತುತ್ತೇನೆ.

“ನಿಮ್ಮ ಮಗಳು ನನಗೆ ಭಾರ ಅಂತ ನಾನು ಯಾವತ್ತಾದರೂ ಹೇಳಿದ್ದುಂಟಾ?” ಎಂದು ಅಕ್ಕ ಕೇಳಿದ್ದು ಸಭೆಯಲ್ಲೋ, ಮನೆಗೆ ನಡೆಯುವ ದಾರಿಯಲ್ಲೋ… ದಾರಿಯಲ್ಲೇ ಇರಬೇಕು. “ಹಾಗಲ್ಲ ಅಕ್ಕ” ಎಂದೆ. ಅದರ ಮುಂದೆ ಒಳ್ಳೊಳ್ಳೆಯ ಮಾತುಗಳು ನೆನಪಾಗುತ್ತವೆ. ಅವೆಲ್ಲ ಆಮೇಲೆ ನಾನು ಕಟ್ಟಿಕೊಂಡವು.

ಜೂನ್‌ನಿಂದ ಹೊಸ ಹೊತ್ತು ಶುರುವಾಯಿತು. ಅಕ್ಕ ಮಗಳನ್ನು ಬಿಡಿಸಲಿಲ್ಲ, ಹಿಂದೆ ಬೀಳುವುದು ಅವರಿಗೂ ಬೇಕಿರಲಿಲ್ಲ. ಆದರೆ ನಾಲ್ಕಕ್ಕೆ ಬಂದು ಶಾಲೆಯ ಕಂಪೌಂಡಿನ ಹೊರಗೆ ನಿಲ್ಲುತ್ತಿದ್ದರಂತೆ. “ಆಂಟಿ ಕಿಟಕಿಗೆ ಕೈ ಮಾಡ್ತಾರೆ ಅಮ್ಮಾ, ಅವಳು ನಗ್ತಾಳೆ, ಟೀಚರ್ ಅವಳಿಗೆ ಬೈತಾರೆ” ಎಂದು ನನ್ನ ಮಗಳು ವರದಿ ಒಪ್ಪಿಸುತ್ತಿದ್ದಳು. ಐದೂವರೆಗೆ ಬಿಟ್ಟ ಮೇಲೆ ಹೋಮ್‌ವರ್ಕು, ಊಟ. ಗೋಡೆಯಾಚೆಯಿಂದ ಅಕ್ಕನ ದನಿ ಕೇಳುತ್ತಿತ್ತು: “ಬೇಗ ಬರೆದು ಮುಗಿಸು ಮಗಾ, ನನಗೆ ನಿದ್ದೆ ಬರ್ತದೆ.”

ದಸರಾ ರಜೆಯಲ್ಲಿ ತಾಯಿ-ಮಗಳು ಕಾಪುವಿನ ತವರುಮನೆಗೆ ಹೋದರು. ಮತ್ತೆ ಬರಲಿಲ್ಲ. ಅಲ್ಲಿ ಅಜ್ಜಿ ಉಂಟು, ಬೀಗ ಬೇಡ, ಶಾಲೆ ನಾಲ್ಕಕ್ಕೇ ಬಿಡುತ್ತದೆ ಎಂದು ಫೋನಿನಲ್ಲಿ ಅಕ್ಕನೇ ಹೇಳಿದರು. “ಮಲ್ಪೆಯಷ್ಟು ವ್ಯಾಪಾರ ಇಲ್ಲ. ಇರಲಿ. ಒಮ್ಮೆ ಬನ್ನಿ.” ನಾನು ಹೋಗಲಿಲ್ಲ; ಡ್ಯೂಟಿ, ಮಳೆ, ಮತ್ತೆ ಡ್ಯೂಟಿ. ಆಮೇಲೆ ಆ ನಂಬರು ಸತ್ತಿತು. ಅವರ ಮನೆಯ ಕೀಯನ್ನು ಮಾಲೀಕರಿಗೆ ಕೊಟ್ಟದ್ದು ನಾನೇ. ಈಗ ಅಲ್ಲಿ ಕಾಲೇಜು ಹುಡುಗರಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ನನ್ನದು ಅವರಿಗೆ.

ಶಾಲೆ ಉಳಿಯಿತು. ಅದನ್ನೂ ಬರೆಯಬೇಕು. ಮಕ್ಕಳು ಹೆಚ್ಚಿದ್ದಾರೆ, ನನ್ನ ಮಗಳು ಇಂಗ್ಲಿಷಿನಲ್ಲಿ ನನ್ನನ್ನೇ ತಿದ್ದುತ್ತಾಳೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಧ್ಯಕ್ಷರು ಬಹಳ ಖುಷಿಯಲ್ಲಿದ್ದರು. “ನಮ್ಮದನ್ನು ನೋಡಿ ಕಾಪು ಕಡೆಯ ಶಾಲೆಗಳೂ ಐದೂವರೆ ಮಾಡಿವೆ, ಗೊತ್ತುಂಟಾ?”

ಯಾವ ಶಾಲೆಗಳು ಎಂದು ಕೇಳಿದೆ. ಅವರು ಎರಡು ಹೆಸರು ಹೇಳಿದರು. ಅಕ್ಕನ ಮಗಳು ಅಲ್ಲಿ ಯಾವ ಶಾಲೆಗೆ ಹೋಗುತ್ತಾಳೆಂದು ನಾನು ಯಾವತ್ತೂ ಕೇಳಿರಲಿಲ್ಲ. ಅವಳ ಶಾಲೆ ಈಗಲೂ ನಾಲ್ಕಕ್ಕೇ ಬಿಡುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.