ಕೊಸರಿನ ಬಳೆ

ಮೊನ್ನೆ ಹಿಂದೂಪುರದ ಬಜಾರಿನಲ್ಲಿ ಬಳೆ ಅಂಗಡಿಯವಳು ನನ್ನ ಮೊಮ್ಮಗಳ ಕೈಗೆ ಸೋಪಿನ ನೊರೆ ಹಚ್ಚಿದಳು. ಗೆಣ್ಣು ದೊಡ್ಡದು, ಬಳೆ ಇಳಿಯುತ್ತಿರಲಿಲ್ಲ. ಹುಟ್ಟಿದಾಗ ಗಂಡು ಎಂದು ಬರೆಸಿದ್ದ ಕೂಸು. ಈಗ ಹದಿನೆಂಟು, ಲಂಗ ದಾವಣಿ ಉಟ್ಟಿದ್ದಳು. "ಅಜ್ಜೀ, ನನ್ ಕೈ ಮುರಿದ್ಬುಡ್ತಾಳೆ ಕಣಜ್ಜಿ!" ಎಂದು ಕೂಗಿ ನಕ್ಕಳು. ವರ್ಷದ ಮೇಲೆ ಕೇಳಿದ ನಗು. ಅಂಗಡಿಯಲ್ಲೇ ಕುಣಿಯೋಣ ಅನ್ನಿಸಿತು... ಅಷ್ಟರಲ್ಲಿ ಆ ಸೋಪಿನ ವಾಸನೆ ಮೂಗಿಗೆ ಬಡಿಯಿತು.

ನಾನು ಹೊಸದಾಗಿ ಮದುವೆಯಾಗಿದ್ದಾಗ ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳಿದ್ದಳು. ಆಗ ನಾವೆಲ್ಲ ಅವನು ಅನ್ನುತ್ತಿದ್ದೆವು. ಬರೆಯುವಾಗಲಾದರೂ ಅವಳು ಎನ್ನುತ್ತೇನೆ. ಹದಿನಾರೋ ಹದಿನೇಳೋ ಇರಬೇಕು. ನಾನು ಚೊಚ್ಚಲ ಬಸುರಿ. ದಿನಾ ನೀರು ತಂದುಕೊಟ್ಟು, ಬಾಗಿಲಿಗೆ ರಂಗೋಲಿ ಹಾಕಿ ಹೋಗುತ್ತಿದ್ದಳು. ಹಿತ್ತಲಲ್ಲಿ ಸೋಪು ಹಚ್ಚಿಕೊಂಡು ನನ್ನ ಹಳೆಯ ಬಳೆ ತೊಟ್ಟು ನೋಡಿ, ತೆಗೆದಿಡುತ್ತಿದ್ದಳು. ಕಂಡೂ ಕಾಣದಂತಿದ್ದೆ. ಕೆಲಸ ಆಗಬೇಕಿತ್ತಲ್ಲ.

ನನಗೆ ಬಳೆ ತೊಡಿಸುವ ಶಾಸ್ತ್ರ ಬಂತು. ನಮ್ಮ ಕಡೆ ಬಸುರಿಗೆ ತೊಡಿಸಿದ ಮೇಲೆ ಬಂದ ಹೆಂಗಸರಿಗೆಲ್ಲ ತೊಡಿಸುತ್ತಾರೆ. ಎಷ್ಟು ಕೈ ತುಂಬಿದರೆ ಹೊಟ್ಟೆಯ ಕೂಸಿಗೆ ಅಷ್ಟು ಒಳ್ಳೆಯದು ಅಂತ. ಸಾಲಿನ ಕೊನೆಗೆ ಅವಳೂ ಬಂದು ಕೂತಳು. ಬಳೆಗಾರ ಮುದುಕ, ಕಣ್ಣು ಮಂಜು. ಎರಡು ಬಳೆ ಏರಿಸಿಯೇ ಬಿಟ್ಟ.

"ಏನ್ಲಾ, ನಿಂಗೆಷ್ಟು ತಿಂಗ್ಳು?" ಅಂದರು ನಮ್ಮತ್ತೆ.

"ಸೂಲಗಿತ್ತೀನ ಕರೀರಮ್ಮೋ!" ಎಂದಳು ಇನ್ನೊಬ್ಬಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಅವಳು ನನ್ನ ಮುಖ ನೋಡಿದಳು. "ಅಕ್ಕಾ, ನೀನಾದ್ರೂ ಹೇಳಕ್ಕಾ. ಮಗೀಗೆ ಒಳ್ಳೇದಾಗ್ಲಿ ಅಂತ ಕಣಕ್ಕಾ."

ನಾನು ಎದ್ದೆ. "ನನ್ ಮಗೀಗೆ ನಿನ್ ದರಿದ್ರ ಅಂಟ್ಸಕ್ಕೆ ಬಂದ್ಯೇನ್ಲಾ?" ಎಂದು ಆ ಕೈ ಹಿಡಿದು ಹೊಸ್ತಿಲಿಗೆ ಕುಟ್ಟಿದೆ. ನಾನೇ. ಚೂರು ಚುಚ್ಚಿಕೊಂಡು ರಕ್ತ ಬಂತು. ಅವಳು ಅಳಲಿಲ್ಲ. ತಾನೇ ಹಾಕಿದ ರಂಗೋಲಿಯ ಮೇಲೆ ಬಿದ್ದ ಚೂರುಗಳನ್ನು, ನನ್ನ ಕಾಲಿಗೆ ಚುಚ್ಚೀತೆಂದು, ಒಂದೊಂದಾಗಿ ಆಯ್ದುಕೊಂಡು ಹೋದಳು. ನಾವು ಒಬ್ಬಟ್ಟು ತಿಂದೆವು.

ಎಂಟು ದಿನಕ್ಕೆ ಆ ಮನೆಯಲ್ಲಿ ಅಳು ಕೇಳಿಸಿತು. ಜ್ವರ ಬಂದು ಹೋದ ಎಂದರು. ಜ್ವರವಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಬಸುರಿ ಹೆಣ ನೋಡಬಾರದೆಂದು ಬಾಗಿಲು ಹಾಕಿಕೊಂಡೆ... ಆಗ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅಂದು ಹೊಟ್ಟೆಯಲ್ಲಿದ್ದವಳೇ ಈ ಮೊಮ್ಮಗಳ ತಾಯಿ. ಹೋದ ವರ್ಷ ಈ ಕೂಸು ಊಟ ಬಿಟ್ಟು, ಮಾತು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿತು. ಅಳಿಯ ಬೆಲ್ಟು ತೆಗೆದ. ನಾನು ಅಡ್ಡ ನಿಂತೆ. "ಇದೇ ಕೈಲಿ ಒಂದ್ ಜೀವ ತೆಗ್ದಿದೀನಿ ಕಣಪ್ಪ. ಇನ್ನೊಂದು ಹೋಗಕ್ಕೆ ಬುಡಾಕಿಲ್ಲ." ವಾರ ವಾರ ಮನಸ್ಸಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. "ಯಾವ ಹೆಸರಲ್ಲಿ ಕರೀಬೇಕು ಅಂತ ಕೇಳಿ, ಹಾಗೇ ಕರೀರಿ ಅಜ್ಜಿ" ಎಂದರು ಅವರು. ಕೇಳಿದೆ. ಮೊಮ್ಮಗಳು ಹೇಳಿದ ಹೆಸರನ್ನು ನಾಲಿಗೆ ತಿರುಗುವ ತನಕ ಒಲೆಯ ಮುಂದೆ ಕೂತು ಹೇಳಿಕೊಂಡೆ.

ಅಂಗಡಿಯವಳು ಡಜನ್ ತೊಡಿಸಿ, ಕೊಸರು ಎಂದು ಇನ್ನೊಂದು ಬಳೆ ಕೊಟ್ಟಳು. ಮೊಮ್ಮಗಳು ಮತ್ತೆ ಕೈ ನೀಡಿದಳು.

"ಇದು ನಿಂದಲ್ಲ ಕಣಮ್ಮ."

"ಮತ್ಯಾರ್ದಜ್ಜಿ?"

ಬಾಯಿ ತೆರೆದೆ. ತನ್ನನ್ನು ಏನೆಂದು ಕರೆಯಬೇಕೆಂಬ ಆಸೆ ಪಕ್ಕದ ಮನೆಯ ಆ ಹುಡುಗಿಗಿತ್ತೋ, ಅಂದು ಯಾರೂ ಕೇಳಿರಲಿಲ್ಲ. ಬಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದೆ.