ಹಳೆಯ ಕ್ಷೇತ್ರದ ಪಟ್ಟಿಯಲ್ಲಿ ಅವ್ವ

ಅಂಗನವಾಡಿ ಟೀಚರ್ ಆ ನೋಟೀಸು ಕೊಡುವಾಗ ಹೆದರಬೇಡಿ ಎಂದು ಮೊದಲೇ ಹೇಳಿದ್ದೇ ತಪ್ಪಾಯಿತು. ಅಲ್ಲಿಯವರೆಗೆ ಅವ್ವ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತ ಆರಾಮಾಗಿದ್ದಳು. ಊರಿನ ಮತದಾರರ ಪಟ್ಟಿಯ ಕೆಲಸವೂ ಆ ಟೀಚರ್ ತಲೆಗೇ ಬಿದ್ದಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟು: ನಿಮ್ಮ ವಿವರ ಹಳೆಯ ಪಟ್ಟಿಗೆ ತಾಳೆಯಾಗುತ್ತಿಲ್ಲ, ಚಳ್ಳಕೆರೆಯ ತಾಲ್ಲೂಕು ಕಚೇರಿಗೆ ವಿಚಾರಣೆಗೆ ಬನ್ನಿ, ಬಾರದಿದ್ದರೆ ಹೆಸರು ತೆಗೆಯಲಾಗುವುದು.

"ವಿಚಾರಣೆ ಅಂದ್ರೆ ಪೊಲೀಸ್ರು ಮಾಡ್ತಾರಲ್ಲ, ಅದೇನಾ?" ಅಂದಳು ಅವ್ವ.

ಅಲ್ಲ ಎಂದೆ. ಮಗಳ ಮಾತನ್ನು ನಂಬಲಿಲ್ಲ. ಅವಳು ಹುಟ್ಟಿದ್ದು ಗಡಿಯಾಚೆ, ಆಂಧ್ರದ ರಾಯದುರ್ಗದ ಕಡೆ. ಲಗ್ನವಾಗಿ ಈ ಊರಿಗೆ ಬಂದು ಅರವತ್ತು ವರ್ಷದ ಹತ್ತಿರವಾದರೂ, ಭಯವಾದರೆ ಅವಳ ಬಾಯಿಗೆ ತೆಲುಗು ಬರುತ್ತದೆ. ಅಂದು ಸಂಜೆಯವರೆಗೂ ತೆಲುಗಿನಲ್ಲೇ ಗೊಣಗಿದಳು. ಕೊನೆಗೆ ಒಲೆಯ ಮುಂದೆ ಕೂತಾಗ ಕನ್ನಡದಲ್ಲಿ ಕೇಳಿದಳು, "ಹೆಸರು ತೆಗೆದ್ರೆ ನನ್ನ ಆ ಕಡೆಗೆ ಕಳಿಸ್ತಾರೇನು ಮಗಾ? ಅಲ್ಲಿ ನನ್ನೋರು ಅಂತ ಒಬ್ರೂ ಉಳಿದಿಲ್ಲ."

ಹಾಗೆಲ್ಲ ಕಳಿಸಲಾಗುವುದಿಲ್ಲ ಎಂದು ಜೋರಾಗಿ ಹೇಳಿದೆ. ಜೋರಾಗಿ ಹೇಳಿದ್ದು ನನಗೂ ಖಾತ್ರಿ ಇಲ್ಲದ್ದಕ್ಕೆ. ಊರವರ ಕುರಿ ಮೇಯುತ್ತಿದ್ದ ಕುದಾಪುರದ ಕಾವಲಿನ ಸುತ್ತ ಸರ್ಕಾರದವರು ಗೋಡೆ ಎಬ್ಬಿಸಿದ್ದನ್ನು ಕಂಡವಳು ಅವ್ವ. ನಿನ್ನೆ ಕುರಿ ಮೇಯ್ದ ಜಾಗಕ್ಕೆ ಇವತ್ತು ಹೋಗಬಾರದು ಎಂದರೆ ಹೋಗಬಾರದು. ಗೆರೆ ಎಳೆಯುವವರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ.

ಹಳೆಯ ಪಟ್ಟಿಯಲ್ಲಿ ಏನಿದೆಯೋ ನೋಡೋಣವೆಂದು ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಓಟು ಮೊಳಕಾಲ್ಮೂರಿನದು, ಹಾಗಾಗಿ ಮೊಳಕಾಲ್ಮೂರಿನ ಹಳೆಯ ಪಟ್ಟಿ ತೆಗೆದೆ. ಅದರಲ್ಲಿ ಅವ್ವನ ಹೆಸರಿರಲಿ, ಇಡೀ ನಮ್ಮ ಊರೇ ಇಲ್ಲ. ಟೀಚರಿಗೆ ಫೋನು ಮಾಡಿದರೆ ಅವರು ನಕ್ಕರು. ಆಗ ನಾವು ಚಳ್ಳಕೆರೆ ಕ್ಷೇತ್ರದಲ್ಲಿದ್ದೆವಲ್ಲ, ಮರೆತಿರಾ ಎಂದರು.

ಅಪ್ಪ ಇದ್ದಿದ್ದರೆ ಮರೆಯಲು ಬಿಡುತ್ತಿರಲಿಲ್ಲ. ಈ ಕ್ಷೇತ್ರದ ಚರಿತ್ರೆ ಅವನಿಗೆ ಬಾಯಿಪಾಠ. ಮೊದಲ ಚುನಾವಣೆಯಲ್ಲಿ ಪಾರ್ಲಿಮೆಂಟಿನ ಕ್ಷೇತ್ರಕ್ಕೆ ಚಿತಲದುರ್ಗ ಎಂದೇ ಹೆಸರಂತೆ. ನಿಂತವರಿಗೆಲ್ಲ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರಂತೆ. ನಮ್ಮ ತಾತ ಯಾರಿಗೂ ಬೇಜಾರಾಗದಿರಲಿ ಎಂದು ಎಲ್ಲ ಪೆಟ್ಟಿಗೆಗೂ ಕೈಮುಗಿದು ಒಂದಕ್ಕೆ ಚೀಟಿ ಹಾಕಿ ಬಂದನಂತೆ. ಆಮೇಲೆ ಚಿತಲದುರ್ಗ ಹೋಗಿ ಚಿತ್ರದುರ್ಗವಾಯಿತು, ಗೆರೆಗಳು ಅತ್ತಿತ್ತ ಸರಿದವು, ಕೊನೆಗೆ ನಮ್ಮ ಹೋಬಳಿಯನ್ನು ಚಳ್ಳಕೆರೆಯಿಂದ ಬಿಡಿಸಿ ಮೊಳಕಾಲ್ಮೂರಿಗೆ ಸೇರಿಸಿದರು. ಪಹಣಿಗೆ ಚಳ್ಳಕೆರೆ, ಓಟಿಗೆ ಮೊಳಕಾಲ್ಮೂರು. ಚಳ್ಳಕೆರೆ ಎಂಬ ಹೆಸರಿನ ಕ್ಷೇತ್ರ ಈಗಲೂ ಇದೆ, ಆದರೆ ನಾವಿದ್ದ ಆ ಕ್ಷೇತ್ರ ಇಲ್ಲ.

ಆ ಇಲ್ಲದ ಕ್ಷೇತ್ರದ ಪಟ್ಟಿಯಲ್ಲಿ ಅವ್ವ ಸಿಕ್ಕಳು. ಹೆಸರು ಸರಿ, ಮನೆ ನಂಬರೂ ಸರಿ. ಗಂಡನ ಹೆಸರಿನ ಜಾಗದಲ್ಲಿ ಇದ್ದದ್ದು ಮಾತ್ರ ಚಿಕ್ಕಪ್ಪನ ಹೆಸರು.

ಆಗಿದ್ದೇನೆಂದರೆ, ಪಟ್ಟಿ ಬರೆಯುವವನು ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ. ಗಂಡನ ಹೆಸರೇನು ಎಂದು ಕೇಳಿದ್ದಾನೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದವಳು ಅವ್ವ. ಮೈದುನನ ಹೆಸರು ಹೇಳಿ, ಅವನ ಅಣ್ಣ ಎಂದಿದ್ದಾಳೆ. ಆತ ಮೊದಲು ಕಿವಿಗೆ ಬಿದ್ದ ಹೆಸರನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗಿದ್ದಾನೆ. ಅದೇ ಗುರುತಿನ ಚೀಟಿಗೂ ಬಂತು. ಅಪ್ಪ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಲೇ ತಮ್ಮಾ, ಸರ್ಕಾರ ನಿನಗೆ ಎರಡನೇ ಮದುವೆ ಮಾಡೈತೆ, ಊಟ ಹಾಕ್ಸಲೇ" ಎಂದು ಚಿಕ್ಕಪ್ಪನನ್ನು ವರ್ಷಗಟ್ಟಲೆ ಕಾಡಿದ. ಓಟು ಹಾಕಲು ಬಿಡುತ್ತಿದ್ದರಲ್ಲ, ಹಾಗಾಗಿ ತಿದ್ದಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ಆಧಾರಿನಲ್ಲಿ ಒಬ್ಬ ಗಂಡ, ಪಟ್ಟಿಯಲ್ಲಿ ಇನ್ನೊಬ್ಬ.

ವಿಚಾರಣೆಯ ದಿನದವರೆಗೆ ಅವ್ವ ಸರಿಯಾಗಿ ಉಣ್ಣಲಿಲ್ಲ. ಮೋಟರ್ ಸೈಕಲ್ ಸದ್ದಾದರೆ ಸಾಕು, ಒಳಗೆ ಹೋಗಿಬಿಡುತ್ತಿದ್ದಳು. ನಾನೂ ಅಷ್ಟೇ. ರೇಷನ್ ಕಾರ್ಡು, ಪಿಂಚಣಿ ಪುಸ್ತಕ, ಅಪ್ಪನ ಮರಣ ಪತ್ರ ಎಲ್ಲವನ್ನೂ ಚೀಲಕ್ಕೆ ತುಂಬುವುದು, ಏನೋ ಬಿಟ್ಟೆನೆಂದು ಮತ್ತೆ ಸುರಿಯುವುದು.

ತಾಲ್ಲೂಕು ಕಚೇರಿಯಲ್ಲಿ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದಗಳನ್ನೆಲ್ಲ ತಿರುವಿ ನೋಡಿ, "ಅಜ್ಜೀ, ನಿಮ್ಮ ಯಜಮಾನರ ಹೆಸರೇನ್ರಿ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, ಅಜ್ಜಿಯೇ ಹೇಳಬೇಕು, ಅವರ ಹೇಳಿಕೆ ಬರೆದುಕೊಳ್ಳಬೇಕು ಎಂದರು.

ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಗಂಡನನ್ನು ದಿನಕ್ಕೆ ಹತ್ತು ಸಲ ಹೆಸರು ಹಿಡಿದು ಕರೆಯುವವಳು ನಾನು, ಆದರೂ ಆ ಹೊತ್ತು ಅವಳ ಭಯ ನನಗೂ ತಟ್ಟಿತು. ಹೇಳಿಬಿಡವ್ವ, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳದಿದ್ದರೆ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಬೀಳುತ್ತದೆ.

"ನೀನು ಹೊರಗಿರು" ಅಂದಳು ಅವ್ವ ನನಗೆ.

ಹೊರಗೆ ಬಂದು ನಿಂತೆ. ಒಳಗಿನಿಂದ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಧಿಕಾರಿಯೇ ಬಾಗಿಲಿಗೆ ಬಂದರು. ಹೆಸರು ಉಳಿಯುತ್ತದೆ, ಗಂಡನ ಹೆಸರನ್ನೂ ತಿದ್ದಿಸುತ್ತೇವೆ, ಕರಕೊಂಡು ಹೋಗಿ ಎಂದರು. ನನಗೆ ಅಳು ಬಂತು.

ಅವ್ವ ಅಳಲಿಲ್ಲ. ನನ್ನ ಮುಂಗೈ ಬಿಗಿಯಾಗಿ ಹಿಡಿದಳು.

"ಅಂದ್ಬಿಟ್ಟೆ ಮಗಾ. ಅವ್ರಿಗೇನೂ ಆಗಲ್ಲ ಅಲ್ವಾ?"

ಅಪ್ಪ ಹೋಗಿ ಹತ್ತು ವರ್ಷವಾಗಿದೆ. ಅದನ್ನು ಅವಳಿಗೆ ನೆನಪಿಸಲು ನನಗೆ ಧೈರ್ಯವಾಗಲಿಲ್ಲ. ಚಹಾ ಕುಡಿಯೋಣವೆಂದರೆ ಬೇಡ ಎಂದಳು, ಮೊದಲ ಬಸ್ಸಿಗೇ ಹೊರಡೋಣ ಎಂದಳು. ಊರಿನ ಸ್ಟಾಪಿನಲ್ಲಿ ಇಳಿದವಳೇ, ಮನೆಯಲ್ಲಿ ಯಾರಿಗೋ ಮೈಗೆ ಹುಷಾರಿಲ್ಲವೆಂಬಂತೆ ದಾಪುಗಾಲು ಹಾಕಿದಳು. ಮಂಡಿನೋವಿನ ಎಂಬತ್ತರ ಮುದುಕಿ. ಚೀಲ ಹೊತ್ತ ನಾನು ಹಿಂದೆ ಉಳಿದೆ.